ತರಬೇತಿ ರೈಫಲ್‌ಗೆ ನಾನು ಬೆಲೆ ಕಟ್ಟುವ ಬಗೆ

ಹುಬ್ಬಳ್ಳಿಯ ಕಡೆ ಹಳೆಯ ರೈಫಲ್ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಕುತ್ತಿಗೆಯ ಲೋಹದ ಪಟ್ಟಿಯನ್ನು. ಕಿರೀಟ, ಅದರ ಕೆಳಗೆ ಚಕ್ರವರ್ತಿ ಜಾರ್ಜ್‌ನ ಗುರುತಾದ ಜಿಆರ್‌ಐ, ಒಂದು ಇಸವಿ. ಓದಿದರು, ಬೆಲೆ ಹೇಳಿದರು. ನಾನು ಅದನ್ನು ಕೊನೆಗೆ ಓದುತ್ತೇನೆ. ಇದಕ್ಕೆ ನಕ್ಕಿದ್ದ ಅಂಗಡಿಯವರೊಬ್ಬರು ಈಗ ತಮ್ಮ ಗಿರಾಕಿಗಳನ್ನೇ ನನ್ನ ಬಳಿ ಕಳಿಸುತ್ತಾರೆ.

ಸಣ್ಣ ಗುಂಡಿನ ಪಾಯಿಂಟ್ 22 ತರಬೇತಿ ರೈಫಲ್‌ಗಳಲ್ಲಿ ಎಷ್ಟೋ ಮೊದಲು ಸೈನ್ಯದ ದೊಡ್ಡ ಗುಂಡಿನ ಪಾಯಿಂಟ್ 303 ಆಗಿದ್ದವು. ಇಸವಿ ಹೇಳುವುದು ಹುಟ್ಟನ್ನು, ಈಗಿನ ಅವತಾರವನ್ನಲ್ಲ. ಆದ್ದರಿಂದ ನನ್ನ ಕೆಲಸ ಶುರುವಾಗುವುದು ನಳಿಕೆಯ ಬಾಯಿಯಿಂದ. ಟಾರ್ಚನ್ನು ಓರೆಯಾಗಿ ಹಿಡಿದರೆ ಕೆಲವದರಲ್ಲಿ ಕೂದಲೆಳೆಯಷ್ಟು ತೆಳುವಾದ ಉಂಗುರ ಕಾಣುತ್ತದೆ: ಹಳೆಯ ನಳಿಕೆಯನ್ನು ಕೊರೆದು ಒಳಗೆ ಬೇರೊಂದು ಕೊಳವೆ ಕೂರಿಸಿದ ಗುರುತು. ನಳಿಕೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್‌ನ ಮುಖದಲ್ಲಿ, ತೋಟಾಕ್ಕೆ ಬಡಿದು ಸಿಡಿಸುವ ಸೂಜಿಯ ತೂತು ನಡುವಿನಲ್ಲಿರದೆ ಅಂಚಿಗೆ ಸರಿದಿರುತ್ತದೆ. ಮ್ಯಾಗಜೀನ್ ಬರೀ ಖಾಲಿ ಡಬ್ಬಿ, ಹಾರಿಸಿದ ತೋಟಾಗಳ ಖಾಲಿ ಕೋಶಗಳು ಬೀಳಲೆಂದು ಉಳಿಸಿದ್ದು.

ತೂಕ ಹಾಕಿ ನೋಡಿದೆ, ಉಪಯೋಗವಾಗಲಿಲ್ಲ. ಮರದ ಬಣ್ಣದಿಂದ ಕಾಲ ಹೇಳಲು ಹೋದೆ. ಅಗಸೆ ಎಣ್ಣೆ ಕುಡಿದ ಮರ ಎಲ್ಲವೂ ಒಂದೇ ಬಣ್ಣ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಲೋಹದಲ್ಲಿ ಒತ್ತಿದ ಕ್ರಮಸಂಖ್ಯೆಯ ಸವೆದ ಅಂಕಿ ಏಳುವುದಿಲ್ಲ. ಕೊನೆಗೆ ಕೈಹಿಡಿದದ್ದು ಮನೆಯ ವಿಭೂತಿ. ಒಣ ಪುಡಿಯನ್ನು ಬೆರಳಿನಿಂದ ತೀಡಿ ಒರೆಸಿದರೆ ಅಂಕಿಗಳು ಬೆಳ್ಳಗೆ ನಿಲ್ಲುತ್ತವೆ. ರಿಸೀವರ್ (ಬೋಲ್ಟ್ ಓಡಾಡುವ ಒಡಲು), ನಳಿಕೆ, ಬೋಲ್ಟ್‌ನ ಹಿಡಿ, ಮುಂಭಾಗದ ಟೋಪಿ, ಹಿಂದಿನ ಗುರಿಪಟ್ಟಿ ಇವಿಷ್ಟರಲ್ಲಿ ಒಂದೇ ಸಂಖ್ಯೆ ಇದ್ದರೆ ಬೆಲೆ ಬೇರೆಯೇ. ಧಾರವಾಡದ ಮನೆಯೊಂದರ ಪಾಲಿಗೆ ಬಂದಿದ್ದ, ಲೈಸೆನ್ಸ್ ಇದ್ದ ಪಾಯಿಂಟ್ 22ಕ್ಕೆ ಅಂಗಡಿಯಲ್ಲಿ ಮೂವತ್ತು ಸಾವಿರದ ಆಸುಪಾಸು ಹೇಳಿದ್ದರು. ಐದೂ ಸಂಖ್ಯೆ ಕೂಡಿದವು. ಲಕ್ಷದ ಹತ್ತಿರ ಹೋಯಿತು. ನನ್ನ ಕೂಲಿ ಒಂದೂವರೆ ಸಾವಿರ, ಅದಕ್ಕೂ ಚೌಕಾಸಿ ಮಾಡಿದರು.

ನರಗುಂದದ ಕಡೆಯ ಹಿರಿಯರೊಬ್ಬರು 1858ರ ಬಂಡಾಯದ ಬಂದೂಕು ಎಂದು ಬಟ್ಟೆ ಬಿಚ್ಚಿದರು. ಒಳಗಿದ್ದದ್ದು ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್. ಅದು ಸೈನ್ಯಕ್ಕೆ ಬಂದದ್ದೇ 1895ರಲ್ಲಿ. ಬಂಡಾಯದ ಬೆಲೆ ಸಿಗುವುದಿಲ್ಲ ಎಂದೆ. ಚಹಾ ಕೊಡದೆ ಕಳಿಸಿದರು.

ಕವಾಯತಿಗಷ್ಟೇ ಮೀಸಲಾದ ಡಿಪಿ (ಡ್ರಿಲ್ ಪರ್ಪಸ್) ರೈಫಲ್‌ಗಳ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಅವುಗಳಲ್ಲಿ ಎಷ್ಟೋ ರೈಫಲ್‌ಗಳ ಚೇಂಬರಿಗೆ, ಅಂದರೆ ತೋಟಾ ಕೂರುವ ಜಾಗಕ್ಕೆ, ತೂತು ಕೊರೆದು, ಸೂಜಿ ಕತ್ತರಿಸಿರುತ್ತಾರೆ. ರಾಣೆಬೆನ್ನೂರಿನಿಂದ ಬಂದದ್ದೊಂದರಲ್ಲಿ ಡಿಪಿ ಅಕ್ಷರಗಳನ್ನು ಅರದಿಂದ ಉಜ್ಜಿ, ತೂತಿಗೆ ಹಿತ್ತಾಳೆ ತುಂಬಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಅರ ಹಾಯ್ದ ಜಾಗದಲ್ಲಿ ವಿಭೂತಿ ನಿಲ್ಲಲೇ ಇಲ್ಲ, ಸಂಶಯ ಬಂದದ್ದೇ ಅದರಿಂದ. ತುಂಬಿದ ತೂತನ್ನು ಬಣ್ಣ ಕೆರೆಯದೆ ಹುಡುಕಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಬಾರಿ ತೂತು ತುಂಬುವವನೂ ಓದುತ್ತಾನೆ. ಇಂಥದ್ದನ್ನು ಹಾರಿಸಿದರೆ ಕಣ್ಣಿಗೇ ಕುತ್ತು. 1959ರ ಆಯುಧ ಕಾಯ್ದೆ ತನ್ನ ವ್ಯಾಪ್ತಿಯಿಂದ ಬಿಟ್ಟಿರುವುದು ರಿಪೇರಿ ಮಾಡಿದರೂ ಹಾರದ ಹಳೆಯ ಇಲ್ಲವೇ ಕೆಟ್ಟ ಆಯುಧವನ್ನು. ತೂತು ತುಂಬಿಸಿದವನು ಇದ್ದ ರಕ್ಷಣೆಯನ್ನೂ ಕಳೆದುಕೊಳ್ಳುವ ದಾರಿ ಹಿಡಿದಂತೆ. ನಾನು ಬೆಲೆ ಬರೆಯಲಿಲ್ಲ, ಕಾಗದಪತ್ರ ಹಿಡಿದು ಠಾಣೆಗೆ ಹೋಗಿ ಎಂದೆ. ಕೂಲಿಯೂ ಸಿಗಲಿಲ್ಲ.