ಬ್ರೆಕ್ಸಿಟ್ ನಂತರ ಒಂದೇ ಆರ್ಡರನ್ನು ಎರಡಾಗಿ ಕಳಿಸಿದ್ದು: ನನ್ನ ಅನುಭವ

ಪೀಣ್ಯದ ಗಾರ್ಮೆಂಟ್ಸ್ ಘಟಕವೊಂದರಲ್ಲಿ ರಫ್ತು ದಾಖಲೆಗಳ ಕೆಲಸ ನನ್ನದು. 2020ರ ಡಿಸೆಂಬರ್ 24ರಂದು ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದ ವ್ಯಾಪಾರ ಒಪ್ಪಂದ ಕುದುರಿದಾಗ 'ಸುಂಕ ಸೊನ್ನೆ' ಎಂದು ಸುದ್ದಿ ಬಂತು. ಆ ಸೊನ್ನೆ ನಮ್ಮ ಮಾಲಿಗಲ್ಲ. ಬ್ರಿಟನ್ನಿನಲ್ಲೋ ಒಕ್ಕೂಟದಲ್ಲೋ ತಯಾರಾದ ಮಾಲಿಗೆ ಮಾತ್ರ. ಬೆಂಗಳೂರಿನಲ್ಲಿ ಹೊಲಿದ ಶರ್ಟು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ಬಂದರಿನಲ್ಲಿ ಒಕ್ಕೂಟದ ಸುಂಕ ಕಟ್ಟಿ ಒಳಗೆ ಹೋದರೂ ಭಾರತದ ಶರ್ಟೇ. ಅಲ್ಲಿಂದ ಬ್ರಿಟನ್ನಿಗೆ ದಾಟಿದರೆ ಮತ್ತೊಮ್ಮೆ ಸುಂಕ.

1,000 ಶರ್ಟು, ತಲಾ 8 ಪೌಂಡ್, ಒಟ್ಟು 8,000 ಪೌಂಡ್ ಎಂದಿಟ್ಟುಕೊಳ್ಳಿ. ಆಗ ನಮ್ಮ ಸಿದ್ಧ ಉಡುಪಿಗೆ ಎರಡೂ ಕಡೆ ಸಾಮಾನ್ಯ ದರ 12%, ಜಿಎಸ್‌ಪಿ (ಅಭಿವೃದ್ಧಿಶೀಲ ದೇಶಗಳ ಮಾಲಿಗೆ ಕೊಡುವ ಸುಂಕ ರಿಯಾಯಿತಿ) ಅಡಿಯಲ್ಲಿ 9.6%. ನೇರವಾಗಿ ಬ್ರಿಟನ್ನಿಗೆ ಹೋದರೆ 768 ಪೌಂಡ್. ರಾಟರ್‌ಡ್ಯಾಮಿನಲ್ಲಿ ಬಿಡಿಸಿಕೊಂಡು ಆಮೇಲೆ ದಾಟಿಸಿದರೆ ಅಲ್ಲೊಂದು 768. ಕಸ್ಟಮ್ಸ್ ನಿಗಾದಿಂದ ಹೊರಬಿದ್ದ ಮಾಲಿಗೆ ರಿಯಾಯಿತಿ ಕೈತಪ್ಪಿ ಬ್ರಿಟನ್ನಿನಲ್ಲಿ ಪೂರ್ತಿ 12%, ಅಂದರೆ 960. ಶರ್ಟೊಂದಕ್ಕೆ 96 ಪೆನ್ಸ್ ಹೆಚ್ಚು. ನಮ್ಮ ಕಸುಬಿನಲ್ಲಿ ಅಷ್ಟು ಲಾಭವೇ ಇರುವುದಿಲ್ಲ.

ಇದಕ್ಕೆ ತಯಾರಾಗಲು ಒಪ್ಪಂದದ ಪಠ್ಯ ಬರಲಿ ಎಂದು ಕಾದವರಿಗೆ ಸಿಕ್ಕಿದ್ದು ಒಂದೇ ವಾರ. ಒಕ್ಕೂಟ ಬಿಡುವ ಜನಮತ 2016ರ ಜೂನ್ 23ಕ್ಕೆ, ಹೊರಹೋಗುತ್ತೇವೆ ಎಂಬ 50ನೇ ವಿಧಿಯ ನೋಟಿಸ್ 2017ರ ಮಾರ್ಚ್ 29ಕ್ಕೆ. ಎರಡು ವರ್ಷದ ಗಡುವು ಮೂರು ಸಲ ಮುಂದಕ್ಕೆ ಹೋಗಿ 2020ರ ಜನವರಿ 31ಕ್ಕೆ ನಿಂತಿತು. ಬಾಕಿ ಹಣ, ಅಲ್ಲಲ್ಲಿ ನೆಲೆಸಿದ ನಾಗರಿಕರ ಹಕ್ಕು, ಐರ್ಲೆಂಡ್ ಗಡಿ ಮೊದಲು, ವ್ಯಾಪಾರ ಆಮೇಲೆ ಎಂಬುದು ಒಕ್ಕೂಟ ಹಿಡಿದ ಪಟ್ಟು. ಹಾಗಾಗಿ ವ್ಯಾಪಾರದ ಮಾತಿಗೆ ಉಳಿದದ್ದು ಹೊರಬಂದ ಮೇಲೆ ಆ ವರ್ಷದ ಕೊನೆಯವರೆಗಿನ 11 ತಿಂಗಳು. ನಾವು ತಾರೀಖುಗಳ ಬೆನ್ನು ಬೀಳಲಿಲ್ಲ. ಒಪ್ಪಂದ ಆದರೂ ಮುರಿದರೂ ಬದಲಾಗದ ಸಂಗತಿ ಯಾವುದು ಎಂದು ಹುಡುಕಿದೆವು. ನಡುವೆ ಕಸ್ಟಮ್ಸ್ ಗಡಿ ಬರುತ್ತದೆ, ಆಮದುದಾರನ ನೋಂದಣಿ ಬೇರೆಯಾಗುತ್ತದೆ, ಮೂಲ ದೇಶದ ಪುರಾವೆ ಬೇರೆಯಾಗುತ್ತದೆ. ಈ ಮೂರಕ್ಕೆ 2019ರಲ್ಲೇ ಕೈಹಾಕಬಹುದಿತ್ತು, ಹಾಕಿದೆವು.

ಮೊದಲು ಬದಲಿಸಿದ್ದು ಕಟಿಂಗ್ ಟಿಕೆಟ್, ಅಂದರೆ ಬಟ್ಟೆ ಕತ್ತರಿಸಲು ಕೊಡುವ ಚೀಟಿ. ಅದುವರೆಗೆ ಯಾವ ದೇಶಕ್ಕೆ ಎಷ್ಟು ಎಂಬುದು ಪ್ಯಾಕಿಂಗ್ ಹಂತದಲ್ಲಿ ತೀರ್ಮಾನವಾಗುತ್ತಿತ್ತು. ಈಗ ಬಟ್ಟೆ ಹಾಸುವ ಮೊದಲೇ ಟಿಕೆಟ್ ಮೇಲೆ 'ಜಿಬಿ' (ಬ್ರಿಟನ್) ಅಥವಾ 'ಇಯು' (ಒಕ್ಕೂಟ) ಎಂದು ಬರೆಯುತ್ತೇವೆ. ಕಾರಣ ಬಟ್ಟೆಯ ಮೂಲ. ನೇಯ್ಗೆ ಮತ್ತು ಹೊಲಿಗೆ ಎರಡೂ ಇಲ್ಲೇ ಆಗಿದ್ದರೆ ಜಿಎಸ್‌ಪಿ ದರ. ಚೀನಾದ ಬಟ್ಟೆ ತಂದು ಇಲ್ಲಿ ಬರೀ ಕತ್ತರಿಸಿ ಹೊಲಿದರೆ ಸಾಮಾನ್ಯವಾಗಿ ಆ ದರ ಸಿಗದು. ಎರಡು ರೋಲ್ ಬೆರೆತರೆ ಯಾವ ಕಾರ್ಟನ್‌ನಲ್ಲಿ ಯಾವ ಬಟ್ಟೆ ಎಂದು ಆಮೇಲೆ ತೋರಿಸಲಾಗದು. ಗಿರಣಿಯ ಬಿಲ್ಲು, ರೋಲ್ ನಂಬರ್, ಟಿಕೆಟ್ ನಂಬರ್ ಮೂರನ್ನೂ ಒಂದೇ ಫೈಲಿಗೆ ಸೇರಿಸಿ.

ಎರಡನೆಯದು ಇನ್‌ವಾಯ್ಸ್ ಮೇಲಿನ ಮೂಲ ದೇಶದ ಘೋಷಣೆ. ತಪ್ಪು ಅತಿ ಹೆಚ್ಚು ಆಗುವುದು ಇಲ್ಲೇ. ಒಕ್ಕೂಟಕ್ಕೆ 6,000 ಯೂರೋ ದಾಟಿದ ಮಾಲಾದರೆ ರೆಕ್ಸ್ (ಒಕ್ಕೂಟದ ನೋಂದಾಯಿತ ರಫ್ತುದಾರರ ಪಟ್ಟಿ) ನೋಂದಣಿ ಇದ್ದವರು ಮಾತ್ರ ಘೋಷಣೆ ಕೊಡಬಹುದು. ಬ್ರಿಟನ್ನಿಗೆ ರೆಕ್ಸ್ ನಡೆಯದು. ಅವರ ಪಠ್ಯದ ಘೋಷಣೆ ಅಥವಾ ಫಾರ್ಮ್ ಎ ಎಂಬ ಮೂಲ ದೇಶದ ಪ್ರಮಾಣಪತ್ರ ಬೇಕು. ಹಳೆಯ ಇನ್‌ವಾಯ್ಸ್ ಕಾಪಿ ಮಾಡಿ ಬೈಯರ್ ಹೆಸರನ್ನಷ್ಟೇ ತಿದ್ದಿದರೆ, ಕೊನೆಯ ಸಾಲಿನಲ್ಲಿ 'ಯುರೋಪಿಯನ್ ಒಕ್ಕೂಟದ ಜಿಎಸ್‌ಪಿ ನಿಯಮದಂತೆ' ಎಂಬ ಮಾತು ಹಾಗೇ ಉಳಿದುಬಿಡುತ್ತದೆ. ಆ ಒಂದು ಸಾಲಿಗೆ ಬ್ರಿಟನ್ನಿನಲ್ಲಿ ರಿಯಾಯಿತಿ ಹೋಗುತ್ತದೆ. ನಾವು ಎರಡು ಟೆಂಪ್ಲೇಟ್ ಮಾಡಿ ಬ್ರಿಟನ್ನಿನದನ್ನು ಹಳದಿ ಕಾಗದದಲ್ಲಿ ಮುದ್ರಿಸಿದೆವು. 2023ರ ಜೂನ್ 19ಕ್ಕೆ ಬ್ರಿಟನ್ನಿನಲ್ಲಿ ಜಿಎಸ್‌ಪಿ ಜಾಗಕ್ಕೆ ಡಿಸಿಟಿಎಸ್ ಎಂಬ ಹೊಸ ರಿಯಾಯಿತಿ ಯೋಜನೆ ಬಂದಾಗ ಹಳದಿ ಟೆಂಪ್ಲೇಟ್ ಒಂದನ್ನೇ ತಿದ್ದಿದರೆ ಸಾಕಾಯಿತು.

ಬುಕಿಂಗ್ ಮಾಡುವ ಮೊದಲು ಬೈಯರ್‌ನ ಇಒಆರ್‌ಐ (ಕಸ್ಟಮ್ಸ್‌ನಲ್ಲಿ ಆಮದುದಾರನ ನೋಂದಣಿ) ಸಂಖ್ಯೆ ತರಿಸಿಕೊಳ್ಳಿ. ಬ್ರಿಟನ್ನಿನದು 'ಜಿಬಿ' ಜೊತೆಗೆ 12 ಅಂಕಿ, ಉತ್ತರ ಐರ್ಲೆಂಡಿನದು 'ಎಕ್ಸ್‌ಐ'. ಡಿಡಿಪಿ ಬೆಲೆ, ಅಂದರೆ ಸುಂಕವನ್ನೂ ನಾವೇ ಕಟ್ಟಿ ತಲುಪಿಸುವ ಬೆಲೆ ಕೇಳಿದರೆ ಒಪ್ಪಬೇಡಿ. ಆಗ ಆಮದುದಾರರು ನೀವೇ ಆಗುತ್ತೀರಿ. ಅಲ್ಲಿ ಕಚೇರಿ ಇಲ್ಲದವರಿಗೆ ಹೊಣೆ ಹೊರುವ ಪ್ರತಿನಿಧಿ ಬೇಕು, ಮೇಲೆ 20% ವ್ಯಾಟ್ ಕೈಯಿಂದ ಕಟ್ಟಬೇಕು. ಬೈಯರ್ ತಾನೇ ಆಮದುದಾರನಾದರೆ, ಅಲ್ಲಿ ವ್ಯಾಟ್ ನೋಂದಣಿ ಇದ್ದರೆ ಆ 20% ಬಂದರಿನಲ್ಲಿ ಕಟ್ಟದೆ ರಿಟರ್ನ್‌ನಲ್ಲೇ ತೋರಿಸಬಹುದು. ಕಂಟೇನರ್ ವೈಟ್‌ಫೀಲ್ಡ್ ಡಿಪೋದಲ್ಲಿ ಕೈಬದಲಾಗುವುದರಿಂದ ನಮ್ಮ ಬೆಲೆ 'ಎಫ್‌ಸಿಎ ವೈಟ್‌ಫೀಲ್ಡ್', ಅಂದರೆ ಅಲ್ಲಿ ಒಪ್ಪಿಸುವವರೆಗಿನದು. ಶಿಪ್ಪಿಂಗ್ ಬಿಲ್‌ನಲ್ಲಿ (ನಮ್ಮ ಕಸ್ಟಮ್ಸ್‌ಗೆ ಕೊಡುವ ರಫ್ತು ದಾಖಲೆ) ಇಳಿಸುವ ಬಂದರು ರಾಟರ್‌ಡ್ಯಾಮ್ ಆದರೂ ಕೊನೆಯ ದೇಶ ಬ್ರಿಟನ್ ಆಗಿದ್ದರೆ ಹಾಗೇ ಬರೆಸಿ. ಕಸ್ಟಮ್ಸ್ ಏಜೆಂಟ್ ಅಭ್ಯಾಸಬಲದಿಂದ ಎರಡಕ್ಕೂ ನೆದರ್‌ಲ್ಯಾಂಡ್ಸ್ ತುಂಬಿಬಿಡುತ್ತಾರೆ.

ರಾಟರ್‌ಡ್ಯಾಮ್ ಗೋದಾಮು ಬಿಡಲಾಗದ ಬೈಯರ್‌ಗೆ ಉಳಿದ ದಾರಿ ಟಿ1, ಅಂದರೆ ಸುಂಕ ಕಟ್ಟದ ಮಾಲನ್ನು ಕಸ್ಟಮ್ಸ್ ನಿಗಾದಲ್ಲೇ ಸಾಗಿಸುವ ದಾಖಲೆ. ಮಾಲು ಬಾಂಡೆಡ್ (ಕಸ್ಟಮ್ಸ್ ನಿಗಾದ) ಗೋದಾಮಿಗೆ ಇಳಿದು, ಒಕ್ಕೂಟದ ಸುಂಕ ಕಟ್ಟದೆ, ಟಿ1 ದಾಖಲೆಯ ಮೇಲೆ ಬ್ರಿಟನ್ನಿಗೆ ಸಾಗುತ್ತದೆ. ಸುಂಕ ಮತ್ತು ವ್ಯಾಟ್ ಮೊತ್ತಕ್ಕೆ ಗ್ಯಾರಂಟಿ ಇಡಬೇಕು. ತಲುಪಿದ ಕಚೇರಿಯಲ್ಲಿ ವಾಯಿದೆಯೊಳಗೆ ಟಿ1 ಮುಚ್ಚದಿದ್ದರೆ ಆ ಮೊತ್ತ ಗ್ಯಾರಂಟಿ ಕೊಟ್ಟವರ ಮೇಲೆ ಬೀಳುತ್ತದೆ. ಗೋದಾಮಿನಲ್ಲಿ ಕಾರ್ಟನ್ ಒಡೆದು ಬೇರೆ ಮಾಲಿನೊಂದಿಗೆ ಬೆರೆಸಕೂಡದು ಎಂದು ಬೈಯರ್‌ನಿಂದ ಬರವಣಿಗೆಯಲ್ಲಿ ಪಡೆಯಿರಿ.

ಲೇಬಲ್ ವಿಷಯದಲ್ಲಿ ಮಾತ್ರ ಎರಡು ಮಾಡಲಿಲ್ಲ. 2024ರ ಡಿಸೆಂಬರ್ 13ರಿಂದ ಒಕ್ಕೂಟದಲ್ಲಿ ಮಾರುವ ವಸ್ತುವಿನ ಸುರಕ್ಷತೆಗೆ ಒಕ್ಕೂಟದೊಳಗಿನ ಹೊಣೆಗಾರರ ವಿಳಾಸ ಬೇಕು. ಲಂಡನ್ ವಿಳಾಸ ಸಾಲದು. ವಾಷ್‌ಕೇರ್ ಲೇಬಲ್ ಮೇಲೆ ಎರಡೂ ವಿಳಾಸ ಮುದ್ರಿಸಿದರೆ ಉಳಿಕೆ ಮಾಲನ್ನು ಯಾವ ಕಡೆಗೂ ತಿರುಗಿಸಬಹುದು.

ಪೌಂಡ್‌ನಲ್ಲಿ ಬೆಲೆ ಹೇಳುವವರು 2016ರ ಜೂನ್ 24 ನೆನಪಿಡಬೇಕು: ಒಂದೇ ರಾತ್ರಿಯಲ್ಲಿ 1.50 ಡಾಲರ್ ಆಸುಪಾಸಿನಿಂದ 1.32ರ ಹತ್ತಿರಕ್ಕೆ ಕುಸಿತ. ನಾವು ಆರ್ಡರ್ ಬಂದ ದಿನ ಅರ್ಧ ಮೊತ್ತಕ್ಕೆ, ಕಟಿಂಗ್ ಶುರುವಾದ ದಿನ ಉಳಿದರ್ಧಕ್ಕೆ ಫಾರ್ವರ್ಡ್ (ಮುಂದೆ ಬರುವ ಹಣಕ್ಕೆ ವಿನಿಮಯ ದರವನ್ನು ಈಗಲೇ ಗೊತ್ತುಮಾಡುವ ಕರಾರು) ಬುಕ್ ಮಾಡುತ್ತೇವೆ. ಮಾಲು ದಾರಿಯಲ್ಲಿರುವಾಗ ಸುಂಕದ ದರ ಬದಲಾದರೆ ಯಾರ ಹೊಣೆ ಎಂಬ ಸಾಲು ಆರ್ಡರ್‌ನಲ್ಲೇ ಇರಲಿ.

ಮೇಲಿನ ದರಗಳನ್ನು ಇಂದಿನವು ಎಂದುಕೊಳ್ಳಬೇಡಿ, ಮಾಲು ಹೊರಡುವ ದಿನದ್ದನ್ನು ನೋಡಿ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದ ಸಿದ್ಧ ಉಡುಪಿನ ಸುಂಕವನ್ನು ಸೊನ್ನೆಗೆ ಇಳಿಸುವಂಥದ್ದು. ಅದಕ್ಕೆ ಅದರದ್ದೇ ಮೂಲ ದೇಶದ ನಿಯಮ, ಅದರದ್ದೇ ಪುರಾವೆ. ಹಳದಿ ಕಾಗದದ ಪಕ್ಕಕ್ಕೆ ಹಸಿರು ಕಾಗದದ ಟೆಂಪ್ಲೇಟ್ ಒಂದನ್ನು ಸೇರಿಸಿದ್ದೇವೆ.