ಕ್ಯಾಶುಯಾಲ್ಟೀಲಿ ಗಲಾಟೆ: ಆಗ್ದೇ ಇರೋಕೆ ಏನ್ ಮಾಡ್ಬೇಕು, ಆದ್ರೆ ಏನ್ ಮಾಡ್ಬೇಕು

ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ ಕ್ಯಾಶುಯಾಲ್ಟೀಲಿ (ತುರ್ತು ಚಿಕಿತ್ಸಾ ವಿಭಾಗ) ನೈಟ್ ಡ್ಯೂಟಿ ಮಾಡೋ ಸಿಸ್ಟರ್, ಬ್ರದರ್, ಹೌಸ್ ಸರ್ಜನ್‌ಗಳಿಗೆ (ತರಬೇತೀಲಿರೋ ಡಾಕ್ಟ್ರು) ಅಂತ ಬರೀತಿದೀನಿ. ದೊಡ್ಡ ಕಾರ್ಪೊರೇಟ್ ಆಸ್ಪತ್ರೇಲಿ ಬೌನ್ಸರ್ ಥರ ಸೆಕ್ಯುರಿಟಿ ಇರ್ತಾರೆ, ನಮ್ಮಲ್ಲಿ ಗೇಟ್ ಹತ್ರ ಒಬ್ರು ವಯಸ್ಸಾದ ಗಾರ್ಡು, ಅವ್ರೂ ರಾತ್ರಿ ಎರಡು ಗಂಟೆಗೆ ಎಲ್ಲಿರ್ತಾರೋ ದೇವ್ರಿಗೇ ಗೊತ್ತು, ಹಂಗಾಗಿ ನಮ್ಮ ಜೋಪಾನ ನಾವೇ ನೋಡ್ಕೋಬೇಕು.

ಜಾಸ್ತಿ ಗಲಾಟೆ ಹುಟ್ಟೋದು ಒಳಗೆ ಏನ್ ನಡೀತಿದೆ ಅಂತ ಪೇಷಂಟ್ ಕಡೆಯವ್ರಿಗೆ ಗೊತ್ತಾಗ್ದೇ ಇದ್ದಾಗ. ಹಾವು ಕಚ್ಚಿದ ಕೇಸೇ ತಗೊಳ್ಳಿ. ಕೊಳಕುಮಂಡಲ ಕಚ್ಚಿರ್ಬೋದು ಅಂತ ಅನುಮಾನ ಇದ್ರೆ ಗಾಜಿನ ಟ್ಯೂಬಲ್ಲಿ ರಕ್ತ ತಗೊಂಡು 20 ನಿಮಿಷ ಅಲ್ಲಾಡಿಸ್ದೆ ಇಡ್ತೀವಿ, ಹೆಪ್ಪುಗಟ್ಟುತ್ತೋ ಇಲ್ವೋ ನೋಡೋಕೆ. ನಮಗದು ಟೆಸ್ಟು. ಕಿಟಕಿಯಿಂದ ನೋಡ್ತಿರೋ ಅಣ್ಣನಿಗೆ ಕಾಣೋದೇನು? ರಕ್ತ ತಗೊಂಡು ಟೇಬಲ್ ಮೇಲಿಟ್ಟು ಸಿಸ್ಟರ್ ರಿಜಿಸ್ಟರ್ ಬರೀತಾ ಕೂತವ್ರೆ, ಡಾಕ್ಟ್ರು ಇನ್ನೊಬ್ರ ಬಿಪಿ ನೋಡ್ತಾವ್ರೆ, ನನ್ ತಮ್ಮ ಸಾಯ್ತಾವ್ನೆ, ಯಾರೂ ಮುಟ್ತಿಲ್ಲ. ಆ ಹೊತ್ತಲ್ಲಿ ಒಬ್ರು ಟ್ಯೂಬ್ ತೋರ್ಸಿ, "ಯಜಮಾನ್ರೇ, ಇದನ್ನ 20 ನಿಮಿಷ ಹಿಂಗೇ ಇಡ್ಬೇಕು, ಗಟ್ಟಿಯಾಗ್ಲಿಲ್ಲ ಅಂದ್ರೆ ವಿಷ ಏರಿದೆ ಅಂತ ಅರ್ಥ, ತಕ್ಷಣ ಔಷಧಿ ಶುರು ಮಾಡ್ತೀವಿ, ಔಷಧಿ ನಮ್ಮತ್ರ ಇದೆ" ಅಂದ್ಬಿಟ್ರೆ ಅದೇ ಮನುಷ್ಯ ಟೈಮ್ ನೋಡ್ಕೊಂಡು ನಿಮ್ ಜೊತೆ ಕಾಯ್ತಾನೆ. (ಸ್ಟಾಕ್ ಇದೆಯೋ ಇಲ್ವೋ ಡ್ಯೂಟಿಗೆ ಬಂದ ತಕ್ಷಣ ನೋಡ್ಕೊಂಡಿರಿ, ಇಲ್ಲದ್ದನ್ನ ಇದೆ ಅಂದ್ರೆ ಮುಗೀತು ಕಥೆ.)

ಅದಕ್ಕೇ ಪ್ರತಿ ಶಿಫ್ಟಲ್ಲೂ ಹೊರಗೆ ಹೋಗಿ ಮಾತಾಡೋಕೆ ಒಬ್ರನ್ನ ಗೊತ್ತು ಮಾಡಿ. ಹತ್ತು ಹದಿನೈದು ನಿಮಿಷಕ್ಕೊಂದ್ಸಲ ಹೋಗಿ ಹೇಳ್ಬೇಕು, ಹೇಳೋಕೆ ಹೊಸದೇನಿಲ್ದಿದ್ರೂ "ಇನ್ನೂ ನೋಡ್ತಾ ಇದಾರೆ" ಅಂತಾನಾದ್ರೂ. ಆ ಕಡೆಯವ್ರಲ್ಲೂ ಒಬ್ರನ್ನ ಹಿಡ್ಕೊಳ್ಳಿ, ಕಿರುಚಾಡೋನು ಬೇಡ, ಅಳ್ತಾ ಇರೋ ತಾಯೀನೂ ಬೇಡ, ಮೂಲೇಲಿ ಸುಮ್ನೆ ನಿಂತಿರೋ ಮಾವನೋ ದೊಡ್ಡಪ್ಪನೋ ಇರ್ತಾರಲ್ಲ, ಅವ್ರು. ಉಳಿದೋರನ್ನ ಅವ್ರೇ ನೋಡ್ಕೊಳ್ತಾರೆ.

ಸೂಚನೆಗಳು ಮೊದ್ಲೇ ಸಿಗುತ್ತೆ. ಫೋನಲ್ಲಿ "ಹುಡುಗ್ರನ್ನ ಕರ್ಕೊಂಡ್ ಬಾರೋ" ಅನ್ನೋದು, ನಿಮ್ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೋ ಶುರು ಮಾಡೋದು, ಎಣ್ಣೆ ವಾಸನೆ, ಒಂದೇ ಪ್ರಶ್ನೇನ ಜೋರಾಗ್ತಾ ಜೋರಾಗ್ತಾ ಕೇಳೋದು. ಇದ್ರಲ್ಲಿ ಎರಡು ಕಂಡ್ರೂ ಆಸ್ಪತ್ರೇಲಿರೋ ಪೊಲೀಸ್ ಔಟ್‌ಪೋಸ್ಟ್‌ಗೆ ಫೋನ್ ಮಾಡ್ಬಿಡಿ, ಔಟ್‌ಪೋಸ್ಟ್ ಇಲ್ದಿದ್ರೆ 112. ಏನೂ ಆಗ್ಲಿಲ್ಲ ಅಂದ್ರೆ ಪೊಲೀಸ್ನೋರು ಒಂದು ಟೀ ಕುಡ್ದು ಹೋಗ್ತಾರೆ, ನಷ್ಟ ಏನಿಲ್ಲ. ಯಾರು ಫೋನ್ ಮಾಡೋದು ಅನ್ನೋದು ಶಿಫ್ಟ್ ಬದಲಾಗೋ ಹ್ಯಾಂಡೋವರ್ ಟೈಮಲ್ಲೇ ತೀರ್ಮಾನ ಆಗಿರ್ಬೇಕು, ಇಲ್ಲಾಂದ್ರೆ ಅವ್ರು ಮಾಡ್ತಾರೆ ಅಂತ ಇವ್ರು, ಇವ್ರು ಮಾಡ್ತಾರೆ ಅಂತ ಅವ್ರು.

ಕತ್ರಿ, ಬ್ಲೇಡು, ಡ್ರೆಸ್ಸಿಂಗ್ ಟ್ರೇ ಕೈಗೆ ಸಿಗೋ ಹಂಗೆ ಇಡ್ಬೇಡಿ. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೇಲಿ ಹೌಸ್ ಸರ್ಜನ್ ಒಬ್ರನ್ನ, ಪೊಲೀಸ್ರೇ ಚಿಕಿತ್ಸೆಗೆ ಕರ್ಕೊಂಡ್ ಬಂದಿದ್ದ ವ್ಯಕ್ತಿ ಅಲ್ಲೇ ಇದ್ದ ಕತ್ರೀಲಿ ಚುಚ್ಚಿ ಕೊಂದ. ಪೊಲೀಸ್ ಜೊತೆ ಬಂದವ್ರು ಅಂತ ಮೈಮರೀಬೇಡಿ, ಡ್ರೆಸ್ಸಿಂಗ್ ಮುಗಿಯೋ ತನಕ ಕಾನ್‌ಸ್ಟೇಬಲ್ ರೂಮೊಳಗೇ ಇರ್ಲಿ ಅಂತ ಕೇಳಿ, ಸಂಕೋಚ ಬೇಡ. ನೀವು ಬಾಗಿಲ ಕಡೆ ನಿಂತ್ಕೊಳ್ಳಿ, ಗೋಡೆಗೂ ಬೆಡ್‌ಗೂ ಮಧ್ಯ ಸಿಕ್ಕಾಕೊಳ್ಬೇಡಿ.

ಸಾವಿನ ಸುದ್ದಿ ಹೇಳೋದು ಎಲ್ಲಕ್ಕಿಂತ ಕಷ್ಟದ್ದು. ಕಾರಿಡಾರಲ್ಲಿ ನಿಂತು ಮೂವತ್ತು ಜನದ ಮುಂದೆ ಹೇಳ್ಬೇಡಿ. ಗಾರ್ಡ್‌ಗೂ ಔಟ್‌ಪೋಸ್ಟ್‌ಗೂ ಮೊದ್ಲು ತಿಳ್ಸಿ, ಮನೆಯವ್ರಲ್ಲಿ ಇಬ್ರನ್ನ ಪಕ್ಕದ ರೂಮಿಗೆ ಕರ್ಕೊಂಡ್ ಹೋಗಿ ಕೂರ್ಸಿ, ಡಾಕ್ಟ್ರ ಜೊತೆ ಇನ್ನೊಬ್ರು ಇರ್ಲಿ. ಏನೇನ್ ಮಾಡಿದ್ವಿ ಅಂತ ಎರಡು ಮಾತು, ಆಮೇಲೆ "ತೀರ್ಕೊಂಡ್ರು" ಅಂತ ನೇರವಾಗಿ. ಜೀವ ಹೋದ್ಮೇಲೂ "ಸೀರಿಯಸ್ಸಾಗಿದೆ, ಬೆಂಗಳೂರಿಗೆ ತಗೊಂಡ್ ಹೋಗಿ" ಅಂತ ಆಂಬುಲೆನ್ಸ್ ಹತ್ಸೋ ಕೆಟ್ಟ ಅಭ್ಯಾಸ ಕೆಲವು ಕಡೆ ಇದೆ, ದಾರೀಲಿ ಗೊತ್ತಾದ್ರೆ ಜನ ಅರ್ಧ ದಾರಿಯಿಂದ ವಾಪಸ್ ಬಂದು ಗಾಜು ಒಡೀತಾರೆ, ಆಗ ಯಾರನ್ನ ದೂರೋದು?

ಕೈ ಮಾಡೋಕೆ ಬಂದೇ ಬಿಟ್ರು ಅಂದ್ರೆ ವಾದ ನಿಲ್ಸಿ, ಜಾಗ ಖಾಲಿ ಮಾಡಿ. ಬಾಗಿಲಿಗೆ ಒಳಗಿಂದ ಚಿಲಕ ಹಾಕ್ಕೊಳ್ಳೋಕಾಗೋ ರೂಮ್ ಯಾವ್ದು ಅಂತ ಮೊದ್ಲೇ ಗೊತ್ತಿರ್ಲಿ. ತಿರುಗಿ ಹೊಡೀಬೇಡಿ, ವಿಡಿಯೋದಲ್ಲಿ ಉಳಿಯೋದು ನೀವು ಹೊಡೆದ ಐದು ಸೆಕೆಂಡ್ ಮಾತ್ರ.

ಆಮೇಲಿಂದು. ಪೆಟ್ಟು ಬಿದ್ದೋರು ಅದೇ ರಾತ್ರಿ ಪೇಷಂಟ್ ಆಗಿ ತಮ್ಮ ಹೆಸರಲ್ಲಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗೋ ಮೆಡಿಕೋ-ಲೀಗಲ್ ದಾಖಲೆ) ಮಾಡಿಸ್ಕೋಬೇಕು. ನಮ್ಮೋರು ಇಲ್ಲೇ ಎಡವೋದು, ಒಂದು ಮಾತ್ರೆ ನುಂಗಿ ಡ್ಯೂಟಿ ಮುಂದುವರಿಸ್ತಾರೆ, ವಾರ ಬಿಟ್ಟು ಕೇಸ್ ಮಾಡ್ತೀನಿ ಅಂದ್ರೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಎಲ್ಲಿಂದ ತರೋದು? ಗಾಯದ ಫೋಟೋ, ಹರಿದ ಏಪ್ರನ್, ಸಾಕ್ಷಿಗಳ ಹೆಸರು. ಸಿಸಿಟಿವಿ ರೆಕಾರ್ಡಿಂಗ್ ಕೆಲವು ದಿನಕ್ಕೆ ತಾನಾಗೇ ಅಳಿಸಿ ಹೋಗುತ್ತೆ, ತೆಗೆದಿಡಿ ಅಂತ ಅವತ್ತೇ ಬರೆದು ಕೊಟ್ಟು ಒಂದು ಕಾಪಿಗೆ ಸಹಿ ಹಾಕಿಸ್ಕೊಳ್ಳಿ.

ದೂರು ಆಸ್ಪತ್ರೆ ಕಡೆಯಿಂದ ಹೋಗ್ಲಿ, ನೀವೊಬ್ರೇ ಸ್ಟೇಷನ್ ಅಲೀಬೇಡಿ. ಕೋಲ್ಕತ್ತಾದ ಆರ್‌ಜಿ ಕರ್ ಆಸ್ಪತ್ರೇಲಿ ಡ್ಯೂಟೀಲಿದ್ದ ಯುವ ಡಾಕ್ಟ್ರ ಅತ್ಯಾಚಾರ, ಕೊಲೆ ಆದ್ಮೇಲೆ 2024ರ ಆಗಸ್ಟಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಸೂಚನೆ ಪ್ರಕಾರ, ಡ್ಯೂಟೀಲಿ ಹಲ್ಲೆ ಆದ್ರೆ 6 ಗಂಟೆಯೊಳಗೆ ಎಫ್‌ಐಆರ್ ಮಾಡ್ಸೋ ಜವಾಬ್ದಾರಿ ಸಂಸ್ಥೆಯ ಮುಖ್ಯಸ್ಥರದ್ದು. ನಮ್ಮ ರಾಜ್ಯದಲ್ಲಿ ಇದಕ್ಕಂತಾನೇ 2009ರ ಕಾಯ್ದೆ ಇದೆ, ಡಾಕ್ಟ್ರು ಮಾತ್ರ ಅಲ್ಲ, ನರ್ಸು, ಪ್ಯಾರಾಮೆಡಿಕಲ್, ಸ್ಟೂಡೆಂಟ್ಸ್ ಎಲ್ರೂ ಅದ್ರೊಳಗೆ ಬರ್ತಾರೆ, ಸ್ಟೇಷನ್ನಲ್ಲೇ ಬೇಲ್ ಕೊಟ್ಟು ಕಳ್ಸೋ ಕೇಸಲ್ಲ ಅದು. ಬರೀ ಜಗಳದ ಸೆಕ್ಷನ್ ಹಾಕಿ ಮುಗಿಸೋಕೆ ನೋಡ್ತಾರೆ, ಹಂಗಾಗಿ ದೂರಲ್ಲೇ ಈ 2009ರ ಕಾಯ್ದೆ ಹೆಸರು ಬರೀರಿ. ಬೈದಿದ್ದನ್ನ "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಅಂತ ತೇಲ್ಸಿ ಬರೀಬೇಡಿ, ಏನ್ ಬೈದ್ರೋ ಅದೇ ಪದ, ನಾಚಿಕೆ ಆದ್ರೂ. ಹೆಣ್ಮಕ್ಕಳ ಮೈಮೇಲೆ ಕೈ ಹಾಕಿದ್ರೆ, ಅಶ್ಲೀಲವಾಗಿ ಮಾತಾಡಿದ್ರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೇನೂ ಇದೆ, ಹೊರಗಿನವ್ರು ಮಾಡಿದ್ರೂ ಸರಿ, ಕ್ರಮ ಆಗೋ ಹಂಗೆ ನೋಡ್ಕೊಳ್ಳೋದು ಆಸ್ಪತ್ರೆಯವ್ರ ಹೊಣೆ.

ಬೆಳಗ್ಗೆ ಹತ್ತು ಗಂಟೆಗೆ ಯಾರೋ ಪುಢಾರಿ ಬಂದು "ದುಃಖದಲ್ಲಿ ಆಗೋಗಿದೆ, ದೊಡ್ಡ ಮನಸ್ಸು ಮಾಡಿ ಬಿಟ್ಬಿಡಿ ಮೇಡಂ" ಅಂತಾರೆ, ಮೇಲಿನವ್ರೂ ಒಮ್ಮೊಮ್ಮೆ ಅದೇ ರಾಗ ಹಾಡ್ತಾರೆ. ಪೆಟ್ಟು ತಿಂದೋರನ್ನ ಆ ಮೀಟಿಂಗ್‌ಗೆ ಒಬ್ರನ್ನೇ ಕಳಿಸ್ಬೇಡಿ. ಎರಡು ಮೂರು ವಾರ ಅವ್ರಿಗೆ ನೈಟ್ ಡ್ಯೂಟಿ ಹಾಕ್ಬೇಡಿ, ನಿದ್ದೆ ಬರ್ತಿಲ್ಲ, ಕೈ ನಡುಗುತ್ತೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಸಿ, ಕನ್ನಡದಲ್ಲೇ ಮಾತಾಡ್ಬೋದು, ದುಡ್ಡಿಲ್ಲ. ಇನ್ನೊಂದು, ಎಫ್‌ಐಆರ್ ಕಾಪಿ ಫ್ರೀಯಾಗೇ ಕೊಡ್ತಾರೆ, ಅದ್ರಲ್ಲಿರೋ ನಂಬರನ್ನ ಮೊಬೈಲಲ್ಲೂ ಮನೇಲೂ ಬರೆದಿಟ್ಕೊಳ್ಳಿ, ಟ್ರಾನ್ಸ್‌ಫರ್ ಆದ್ರೆ ಹೊಸ ಅಡ್ರೆಸ್ ಸ್ಟೇಷನ್‌ಗೆ ಕೊಡಿ. ಸಾಕ್ಷಿ ಹೇಳೋಕೆ ಸಮನ್ಸ್ ಬರೋದು ವರ್ಷಗಟ್ಲೆ ತಡ ಆಗ್ಬೋದು, ಹಳೇ ಆಸ್ಪತ್ರೆ ಅಡ್ರೆಸ್‌ಗೆ ಹೋಗಿ ವಾಪಸ್ ಬಂದ್ರೆ ಕೇಸು ಅಲ್ಲಿಗೇ ನಿಂತೋಗುತ್ತೆ.