ಹಳೆ ಥ್ರಿಲ್ಲರ್ ತೋರಿಸಿ ಊರಿನವರ ಬಾಯಿ ಬಿಡಿಸಿದ ಬಗೆ: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಡಿಕೆ ಅಂಗಳದ ಬದಿಯ ಗೋಡೆಯ ಮೇಲೆ ನಾಲ್ಕು ವರ್ಷದಿಂದ ತಿಂಗಳಿಗೊಂದು ಹಳೆ ಥ್ರಿಲ್ಲರೋ ಹಾರರ್ ಸಿನಿಮಾವೋ ತೋರಿಸುತ್ತಿದ್ದೇನೆ. ಶುರು ಮಾಡುವಾಗ, ಸಿನಿಮಾ ಕೂಟ ನಡೆಸಿ ಪಳಗಿದ ಗೆಳೆಯರೆಲ್ಲ ಬೇಡ ಎಂದವರೇ. ‘ಕಪ್ಪು ಬಿಳುಪು, ಅದರಲ್ಲೂ ಇಂಗ್ಲಿಷ್. ಹತ್ತು ಜನ ಬಂದರೆ ದೊಡ್ಡದು. ಬಂದವರೂ ಮುಗಿದ ಕೂಡಲೇ ಚಪ್ಪಲಿ ಹುಡುಕುತ್ತಾರೆ, ಮಾತಾಡುವುದಿಲ್ಲ’ ಎಂದರು. ಮೊದಲ ವರ್ಷ ಹಾಗೇ ಆಯಿತು. ಕಳೆದ ತಿಂಗಳು ಸುಮಾರು 60 ಜನ ಇದ್ದರು, ಸಿನಿಮಾ ಮುಗಿದ ಮೇಲೆ ಒಂದೂವರೆ ಗಂಟೆ ವಾದ ನಡೆಯಿತು. ಬೇಡ ಎಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರ ಕ್ರಮ ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ವಿಷಯ. ಮಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರಿಗೆ 11,000 ಕೊಟ್ಟೆ. ಮೂರೇ ತಿಂಗಳಲ್ಲಿ ಬಲ್ಬ್ ಹೋಯಿತು. ಹೊಸ ಬಲ್ಬಿಗೆ ಐದು ಸಾವಿರ ಎಂದಾಗ ಅದನ್ನು ಅಟ್ಟಕ್ಕೆ ಹಾಕಿ ಎಲ್‌ಇಡಿಯದ್ದು ತೆಗೆದುಕೊಂಡೆ, ಅದಕ್ಕೆ ಹತ್ತಿರ ಹತ್ತಿರ 16,000. ಮದುವೆಗೆ ಸ್ಪೀಕರ್ ಇಡುವವರು ದಿನಕ್ಕೆ 1,500 ಕೇಳುತ್ತಿದ್ದರು. ಚಾ, ಸಜ್ಜಿಗೆ ಅವಲಕ್ಕಿಗೆ ಒಂದು ಸಲಕ್ಕೆ 600ರಿಂದ 700. ಮೊದಲ ವರ್ಷದ ನಷ್ಟ ಎಲ್ಲ ಸೇರಿ 40,000 ದಾಟಿರಬೇಕು. ಅದರ ಮೇಲೆ ಮಕ್ಕಳು ಒಣಗಲು ಹಾಕಿದ ಅಡಿಕೆ ಮೆಟ್ಟಿ ಚೆಲ್ಲಾಪಿಲ್ಲಿ ಮಾಡಿದ್ದಕ್ಕೆ ಅಪ್ಪ ಎರಡು ವಾರ ಮಾತು ಬಿಟ್ಟಿದ್ದರು. ಈಗ ನಡುವೆ ಹಗ್ಗ ಕಟ್ಟಿ, ಅರ್ಧ ಅಂಗಳ ಅಡಿಕೆಗೆ, ಅರ್ಧ ಜನಕ್ಕೆ.

ಪರದೆಗೆ ನಾಲ್ಕು ಬಿಳಿ ಮುಂಡು ಸೇರಿಸಿ ಹೊಲಿಸಿದ್ದೆ. ಬೆಳಕು ಆಚೆ ಬದಿಗೆ ಹಾದು ಚಿತ್ರ ಸಪ್ಪೆಯಾಯಿತು. ಗೋಡೆಗೆ ಬೆಳ್ಳಗೆ ಸುಣ್ಣ ಹೊಡೆದೆ, ಆಗ ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ ಕಂಡಿತು. ಕೊನೆಗೆ ಸುಣ್ಣಕ್ಕೆ ಸ್ವಲ್ಪ ಮಸಿ ಬೆರೆಸಿ ಗೋಡೆಯನ್ನೇ ತಿಳಿ ಬೂದಿ ಮಾಡಿದ ಮೇಲೆ ಕಪ್ಪು ಕಪ್ಪಾಗಿಯೇ ಕಂಡಿತು. ಪ್ರೊಜೆಕ್ಟರಿನಲ್ಲಿ ಕಲರ್ ಟೆಂಪರೇಚರನ್ನು ‘ವಾರ್ಮ್’ಗೆ ಇಡಿ, ಇಲ್ಲದಿದ್ದರೆ ಅಗ್ಗದ ಎಲ್‌ಇಡಿಯಲ್ಲಿ ಎಲ್ಲರ ಮುಖಕ್ಕೂ ನೀಲಿ ಬಡಿಯುತ್ತದೆ. ಹಳೆ ಸಿನಿಮಾದ ಶಬ್ದ ಹೆಚ್ಚಾಗಿ ಮೋನೋ, ಅಂದರೆ ಎಡಬಲ ಬೇರೆ ಬೇರೆ ಇಲ್ಲದ್ದು. ಎಡಬಲ ಎರಡು ಸ್ಪೀಕರ್ ಬೇಡ, ಗೋಡೆಯ ಬುಡದಲ್ಲಿ ನಡುಮಧ್ಯೆ ಒಂದೇ ಇಡಿ. ಮಾತು ಮನುಷ್ಯರ ಬಾಯಿಂದಲೇ ಬಂದ ಹಾಗಿರುತ್ತದೆ, ಬಾಡಿಗೆಯೂ ಉಳಿಯುತ್ತದೆ.

ಹಕ್ಕಿನ (ಕಾಪಿರೈಟ್) ಬಗ್ಗೆ ಕೇಳುವವರಿದ್ದಾರೆ. ನಮ್ಮ ಕಾಯಿದೆಯಲ್ಲಿ ಸಿನಿಮಾದ ಹಕ್ಕು, ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಹಾಗಾಗಿ ನಾನು ಹೆಚ್ಚಾಗಿ 1964ರ ಒಳಗಿನದ್ದನ್ನೇ ಹಾಕುವುದು.

ಭಾಷೆಯಲ್ಲಿ ನಾನು ಸೋತದ್ದು ಜಾಸ್ತಿ. ಹಿಚ್‌ಕಾಕ್ ನಿರ್ದೇಶನದ ‘ಸೈಕೋ’ಗೆ ಹದಿನೈದು ರಾತ್ರಿ ಕೂತು ಕನ್ನಡ ಸಬ್‌ಟೈಟಲ್ ಮಾಡಿದೆ. ಹಿಂದೆ ಕೂತ ಹಿರಿಯರಿಗೆ ಓದಲಾಗಲಿಲ್ಲ, ಒತ್ತಕ್ಷರಗಳು ಕೆಳಗೆ ಕತ್ತರಿಸಿ ಹೋಗುತ್ತಿದ್ದವು. ಮುಂದಿನ ಸಲ ಮೈಕ್ ಹಿಡಿದು ಮಾತಿಗೆ ಮಾತು ಕನ್ನಡದಲ್ಲಿ ಹೇಳುತ್ತಾ ಹೋದೆ. ಹೆದರಬೇಕಾದ ಜಾಗದಲ್ಲಿ ನನ್ನ ಸ್ವರ ಕೇಳಿದರೆ ಯಾರು ಹೆದರುತ್ತಾರೆ? ಕೊನೆಗೆ ಹಿಡಿದದ್ದು, ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆಯ ದಾರಿ. ಪೀಠಿಕೆ ಹೇಳುವ ಹಾಗೆ, ಮೊದಲ ಅರ್ಧ ಗಂಟೆಯ ಕಥೆಯನ್ನು ಸಿನಿಮಾಕ್ಕೆ ಮೊದಲೇ ಹತ್ತು ನಿಮಿಷ ಹೇಳಿಬಿಡುವುದು. ನಡುವೆ ಬಾಯಿ ಬಿಡುವುದು ನಾಲ್ಕೈದು ಕಡೆ ಮಾತ್ರ, ಒಂದೊಂದೇ ವಾಕ್ಯ. ಉಳಿದದ್ದನ್ನು ಜನ ಕಣ್ಣಿಂದಲೇ ಹಿಡಿಯುತ್ತಾರೆ. ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ ಬೆಳೆದ ಕಣ್ಣು ಅಲ್ವಾ.

ಇನ್ನೊಂದು ತಪ್ಪೂ ಮಾಡಿದೆ. 1960ರಲ್ಲಿ ‘ಸೈಕೋ’ ಬಂದಾಗ ತಡವಾಗಿ ಬಂದವರನ್ನು ಒಳಗೆ ಬಿಡಬಾರದು ಎಂದು ಹಿಚ್‌ಕಾಕ್ ಥಿಯೇಟರುಗಳಲ್ಲಿ ನಿಯಮ ಮಾಡಿಸಿದ್ದರು. ನಾನೂ ಏಳೂಕಾಲಕ್ಕೆ ತಡಮೆ (ಬೇಲಿ ಬಾಗಿಲು) ಹಾಕಿದೆ. ದನ ಕಟ್ಟಿ, ಹಾಲು ಕರೆದು ಓಡೋಡಿ ಬಂದವರು ಮರಳಿ ಹೋದರು. ಅವರಲ್ಲಿ ನನ್ನ ಸೋದರಮಾವನೂ ಒಬ್ಬರು. ಅದನ್ನು ಸರಿ ಮಾಡಲು ಆರು ತಿಂಗಳು ಬೇಕಾಯಿತು.

ಈಗ ಮುಖ್ಯ ವಿಷಯ. ‘ಸೈಕೋ’ವನ್ನು ಎರಡನೆಯ ಸಲ ಹಾಕಿದ ದಿನ, ಕೊಲೆ ಮಾಡಿದವಳು ಎಂದು ನೋಡುವವರು ನಂಬಿದ್ದ, ಲಾಡ್ಜ್ ನಡೆಸುವ ಹುಡುಗನ ತಾಯಿ ಸತ್ತು ಹತ್ತು ವರ್ಷ ಆಯಿತು ಎಂದು ಶೆರಿಫ್ (ಅಲ್ಲಿನ ಪೊಲೀಸ್ ಅಧಿಕಾರಿ) ಹೇಳುವ ಜಾಗಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಇನ್ವರ್ಟರ್ ಇರಲಿಲ್ಲ. ಜನ ಎದ್ದು ಹೋಗುತ್ತಾರೆ ಅಂದುಕೊಂಡೆ. ಒಬ್ಬರೂ ಏಳಲಿಲ್ಲ. ಹಾಗಾದರೆ ಕಿಟಕಿಯಲ್ಲಿ ಕಂಡದ್ದು ಯಾರು ಎಂದು ಕತ್ತಲೆಯಲ್ಲೇ ವಾದ ಶುರುವಾಯಿತು. ಮುಕ್ಕಾಲು ಗಂಟೆ! ಒಂದು ವರ್ಷದಿಂದ ನಾನು ಬೇಡಿಕೊಂಡರೂ ಸಿಗದ ಅಭಿಪ್ರಾಯ ಆ ಕತ್ತಲೆಯಲ್ಲಿ ತಾನಾಗಿ ಬಂತು. ಕೊನೆ ಗೊತ್ತಾದ ಮೇಲೆ ಕೇಳಿದರೆ ಎಲ್ಲರೂ ‘ಲಾಯಿಕಿತ್ತು’ ಎಂದು ಎದ್ದು ಹೋಗುತ್ತಾರೆ. ಗೊತ್ತಾಗುವ ಮೊದಲು ಕೇಳಬೇಕು.

ಅಂದಿನಿಂದ ನಾನೇ ನಿಲ್ಲಿಸುತ್ತೇನೆ. ಚೀಟಿ, ಪೆನ್ಸಿಲ್ ಹಂಚುತ್ತೇವೆ. ಹೆಸರು ಹಾಕುವುದಿಲ್ಲ. ಎಲ್ಲರ ಚೀಟಿ ಡಬ್ಬಕ್ಕೆ ಬೀಳುವವರೆಗೆ ಯಾರೂ ಮಾತಾಡಬಾರದು, ಇಲ್ಲದಿದ್ದರೆ ಮಾಷ್ಟ್ರು ಹೇಳಿದ್ದನ್ನೇ ಹತ್ತು ಜನ ಬರೆಯುತ್ತಾರೆ. ಬರೆಯಲು ಬಾರದವರು ಮಕ್ಕಳ ಕಿವಿಯಲ್ಲಿ ಹೇಳಿ ಬರೆಸುತ್ತಾರೆ. ಆಮೇಲೆ ಚೀಟಿ ಗಟ್ಟಿಯಾಗಿ ಓದಿ, ಉಳಿದ ಸಿನಿಮಾ ಹಾಕುವುದು. ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಎಲ್ಲ ಇದೆ. ‘ಸೈಕೋ’ದ ಜಾಗ ಹೇಳಿಬಿಟ್ಟಿದ್ದೇನೆ. ಬೇರೆ ಸಿನಿಮಾಗಳಿಗೆ ಜಾಗ ಹುಡುಕುವ ಕ್ರಮ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊಸಬರಿಗಾಗಿ ‘ಸೈಕೋ’ ಮೂರನೆಯ ಸಲ ಹಾಕಿದಾಗ ಮೂವತ್ತು ಚಿಲ್ಲರೆ ಚೀಟಿಗಳಲ್ಲಿ ನಾಲ್ಕು ಸರಿ ಇದ್ದವು. ಒಂದು ಬೀಡಿ ಕಟ್ಟುವ ಅಕ್ಕನದ್ದು: ‘ಅಮ್ಮ ಇಲ್ಲ. ಅವಳು ಮಾತಾಡುವಾಗ ಮಗನ ಬಾಯಿ ಒಮ್ಮೆಯೂ ತೋರಿಸಲಿಲ್ಲ.’ ನಾನು ಆಮೇಲೆ ಮನೆಯೊಳಗೆ ಹೋಗಿ ಮತ್ತೆ ಹಾಕಿ ನೋಡಿದೆ. ತಾಯಿಯನ್ನು ಎತ್ತಿಕೊಂಡು ಕೆಳಗಿಳಿಯುವ ದೃಶ್ಯವನ್ನು ಕೂಡ ತಲೆಯ ಮೇಲಿಂದ ತೆಗೆದಿದ್ದಾರೆ. ಹೇಗೆ ಗೊತ್ತಾಯಿತು ಅಕ್ಕಾ ಎಂದು ಕೇಳಿದರೆ, ‘ಗೊಂಬೆಯಾಟದಲ್ಲಿ ಅರ್ಥ ಹೇಳುವವ ಎಲ್ಲಿದ್ದಾನೆ ಎಂದು ಸಣ್ಣವಳಿರುವಾಗಲೇ ಹುಡುಕುತ್ತಿದ್ದೆ’ ಎಂದರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಬರೆದು ತುಂಬಿದ ವಿಮರ್ಶೆಗಳಲ್ಲಿ ಇಷ್ಟು ಚೊಕ್ಕ ಮಾತು ನಾನು ಓದಿಲ್ಲ.

ತಮಿಳಿನ ‘ಅಂದ ನಾಳ್’ ಹಾಕಿದಾಗ ಬೇರೆಯೇ ಪಾಠ ಸಿಕ್ಕಿತು. 1954ರದ್ದು, ಎಸ್. ಬಾಲಚಂದರ್ ನಿರ್ದೇಶನ, ಒಂದೂ ಹಾಡಿಲ್ಲ. ಗುಂಡು ಹೊಡೆದವರು ಯಾರು ಎಂಬ ಚೀಟಿಯಲ್ಲಿ ಒಬ್ಬರೂ ಪಂಢರಿಬಾಯಿ ಹೆಸರು ಬರೆಯಲಿಲ್ಲ. ನಮ್ಮವರಿಗೆ ಅವರು ಅಮ್ಮ. ಅದೇ ವರ್ಷ ‘ಬೇಡರ ಕಣ್ಣಪ್ಪ’ದಲ್ಲಿ ಕಣ್ಣಪ್ಪನ ಹೆಂಡತಿ. ‘ಪಂಢರಿಬಾಯಿ ಹಾಗೆಲ್ಲ ಮಾಡುವವರಲ್ಲ’ ಎಂದು ಒಬ್ಬ ಅಜ್ಜಿ ಸಿನಿಮಾ ಮುಗಿದ ಮೇಲೂ ಒಪ್ಪಲಿಲ್ಲ.

‘ನೊಸ್ಫೆರಾಟು’ವಿಗೆ ಒಂದು ಪ್ರಯೋಗ ಮಾಡಿದೆ. 1922ರ ಮೂಕಿ ಚಿತ್ರ. ಡ್ರಾಕುಲಾ ಕಥೆಯನ್ನು ಅನುಮತಿ ಕೇಳದೆ ತೆಗೆದದ್ದಕ್ಕೆ ಅದನ್ನು ಬರೆದ ಸ್ಟೋಕರ್ ಅವರ ಹೆಂಡತಿ ಕೋರ್ಟಿಗೆ ಹೋಗಿ, ಪ್ರತಿಗಳನ್ನೆಲ್ಲ ನಾಶ ಮಾಡಲು ಆದೇಶವಾಗಿ, ಹೇಗೋ ಉಳಿದುಕೊಂಡದ್ದು. ಅದಕ್ಕೆ ಚೆಂಡೆ ಮದ್ದಳೆ ಕೂಡಿಸಿದೆ. ಕಲಾವಿದರಿಗೆ 3,000 ಕೊಟ್ಟೆ. ಹಡಗಿನಲ್ಲಿ ರಕ್ತ ಹೀರುವ ಓರ್ಲಾಕ್ ಪೆಟ್ಟಿಗೆಯಿಂದ ನೆಟ್ಟಗೆ ಏಳುವಾಗ ಚೆಂಡೆ ಬಿತ್ತು ನೋಡಿ, ಯಕ್ಷಗಾನದ ರಾಕ್ಷಸ, ಬಣ್ಣದ ವೇಷದ ಪ್ರವೇಶ ಎಂಬಂತೆ ಎಲ್ಲರೂ ಚಪ್ಪಾಳೆ ತಟ್ಟಿದರು! ಹೆದರಿಕೆ ಅಲ್ಲಿಗೆ ಮುಗಿಯಿತು. ಮರುತಿಂಗಳು ಬರೀ ಮದ್ದಳೆ ಇಟ್ಟೆ, ಅದನ್ನೂ ಬೆರಳಲ್ಲಿ ಮೆಲ್ಲಗೆ. ಆಗ ಅಂಗಳ ಗಪ್ಪಾಯಿತು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಕಡೆಯವರಿಗೆ ರಾಕ್ಷಸರು ಹಳೆ ಪರಿಚಯದವರು. ಅವರು ನಡುಗುವುದು ಮನೆಯೊಳಗಿನ ಮನುಷ್ಯರ ಮೇಲೆ ಅನುಮಾನ ಬಂದಾಗ.

‘ನೈಟ್ ಆಫ್ ದ ಲಿವಿಂಗ್ ಡೆಡ್’ 1968ರದ್ದಾದರೂ ಹಾಕಿದೆ. ಹೆಸರು ಬದಲಿಸುವಾಗ ಹಕ್ಕಿನ ಸಾಲು ಬಿಟ್ಟುಹೋಗಿ ಅಮೆರಿಕದಲ್ಲಿ ಅದು ಆಗಲೇ ಎಲ್ಲರ ಸೊತ್ತಾಗಿತ್ತು. ಎದ್ದು ಬಂದು ಮನೆ ಸುತ್ತುವ ಹೆಣಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನೆಲಮಾಳಿಗೆಗೆ ಹೋಗಬೇಕೋ ಮೇಲೆ ಇರಬೇಕೋ ಎಂಬ ಜಗಳದಲ್ಲಿ ನಿಲ್ಲಿಸಿದೆ. ಹಿರಿಯರು ಕೆಳಗೆ ಎಂದರು, ಹುಡುಗರು ಮೇಲೆ. ಕೊನೆಗೆ ನಾಯಕ ಬೆನ್ ಉಳಿದದ್ದು ತಾನು ಬೇಡ ಎಂದಿದ್ದ ಆ ನೆಲಮಾಳಿಗೆಯಲ್ಲೇ. ಬೆಳಗಾದ ಮೇಲೆ ಕಾಪಾಡಲು ಬಂದವರೇ ಅವನಿಗೆ ಗುಂಡು ಹೊಡೆದಾಗ ಎರಡೂ ಕಡೆಯವರು ಸುಮ್ನೆ ಕೂತುಬಿಟ್ಟರು. ಆ ದಿನ ವಾದ ಆಗಲಿಲ್ಲ.

ಮಳೆಗಾಲದಲ್ಲಿ ಚಾವಡಿಯಲ್ಲಿ ಹದಿನೈದು ಜನಕ್ಕೆ ಟಿವಿಯದ್ದು. ಅಮೆರಿಕದ ಟಿವಿ ಸರಣಿ ‘ದಿ ಟ್ವಿಲೈಟ್ ಝೋನ್’ 1959ರಿಂದ 1964ರವರೆಗೆ ಬಂದ 156 ಕಂತು, ಹೆಚ್ಚಿನವು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಮುಖಕ್ಕೆ ಬ್ಯಾಂಡೇಜ್ ಸುತ್ತಿದ ಹೆಂಗಸಿನ ಕಂತಿನಲ್ಲಿ ಒಂಬತ್ತು ವರ್ಷದ ಹುಡುಗ ಕೇಳಿದ: ‘ಡಾಕ್ಟರ ಮುಖ ಯಾಕೆ ತೋರಿಸುವುದಿಲ್ಲ?’ ಕಂತಿನ ಕೊನೆಯ ತಿರುವು ಆ ಪ್ರಶ್ನೆಯಲ್ಲೇ ಇತ್ತು. ಬೀದಿಯಲ್ಲಿ ಕರೆಂಟ್ ಹೋಗಿ ನೆರೆಯವರು ಒಬ್ಬರನ್ನೊಬ್ಬರು ಅನುಮಾನಿಸುವ ಕಂತು ಮಾತ್ರ ನಮ್ಮಲ್ಲಿ ನಡೆಯಲಿಲ್ಲ. ‘ಕರೆಂಟ್ ಹೋದದ್ದಕ್ಕೆಲ್ಲ ಸಂಶಯ ಪಟ್ಟರೆ ಇಲ್ಲಿ ಯಾರೂ ಉಳಿಯಲಿಕ್ಕಿಲ್ಲ’ ಎಂದರು ಒಬ್ಬರು.

ಈಗ ಬಂದವರ ಕಾಣಿಕೆ ಡಬ್ಬದಲ್ಲಿ 2,500 ಹತ್ತಿರ ಬೀಳುತ್ತದೆ, ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ. ಕಳೆದ ತಿಂಗಳು ಹಾಕಿದ್ದು 1955ರ ಫ್ರೆಂಚ್ ಸಿನಿಮಾ ‘ಲೆ ದಿಯಾಬೊಲಿಕ್’. ನೋಡಿದ್ದನ್ನು ಗೆಳೆಯರಿಗೆ ಹೇಳಬೇಡಿ ಎಂದು ಅದರ ಕೊನೆಗೆ ಅಕ್ಷರದಲ್ಲಿ ಬರುತ್ತದೆ, ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮರುವಾರ ಅದನ್ನೇ ನೀರ್ಚಾಲು ಹತ್ತಿರದ ಒಂದು ಮನೆಯಲ್ಲಿ ಹಾಕಿದೆವು. ನಮ್ಮ ಅಂಗಳದಲ್ಲಿ ನೋಡಿದವರು ಅಲ್ಲಿಗೂ ಏಳೆಂಟು ಜನ ಬಂದಿದ್ದರು. ಚೀಟಿ ಬರೆಯುವಾಗ ಖಾಲಿ ಚೀಟಿ ಹಾಕಿ, ತುಟಿ ಬಿಗಿ ಹಿಡಿದು, ಪಕ್ಕದವರ ಮುಖವನ್ನೇ ನೋಡುತ್ತಾ ಕೂತಿದ್ದರು.